ಸಾಲು ಬಿಟ್ಟವರು

ಅಣ್ಣನ ಫೋನು ಬಂದಾಗ ನಾನು ವಿಠ್ಠಲವಾಡಿ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದೆ. ಠಾಣೆಯಿಂದ ಬದಲಾಪುರ ಲೋಕಲ್ಲಿನಲ್ಲಿ ನಿಂತೇ ಬಂದಿದ್ದೆ. ಕೆಳಗೆ ಶೇರ್ ರಿಕ್ಷಾದವರು ಎಂದಿನಂತೆ "ಕ್ಯಾಂಪ್ ಚಾರ್, ಕ್ಯಾಂಪ್ ಚಾರ್" ಎಂದು ಕೂಗುತ್ತಿದ್ದರು. ಆ ಗದ್ದಲದಲ್ಲಿ ಅಣ್ಣನ ಮೊದಲ ಮಾತು ಕೇಳಿಸಲೇ ಇಲ್ಲ. ಎರಡನೆಯ ಸಲ ಅವನು ಜೋರಾಗಿ ಹೇಳಿದ.

"ಅಂವಗ ನೀನ ಹೇಳಬೇಕಪಾ. ನನ್ನ ಮಾತ ಕೇಳೂದಿಲ್ಲ. ನಿನ್ನ ಮಾತ ಕೇಳತಾನ."

ಅಣ್ಣ ಎಂದರೆ ದೊಡ್ಡಪ್ಪನ ಮಗ. ಬೈಲಹೊಂಗಲ ತಾಲೂಕಿನ ನಮ್ಮೂರಿನಿಂದ 1997ರಲ್ಲಿ ಮಿಲಿಟರಿಗೆ ಸೇರಿ, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 17 ವರ್ಷ ದುಡಿದು, ಹವಾಲ್ದಾರನಾಗಿ ಊರಿಗೆ ಮರಳಿದವನು. ಅವನ ಮಗನಿಗೆ ಈಗ 19. ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದು ಕಲ್ಯಾಣದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ಹುಡುಗ ಅಗ್ನಿವೀರ ಭರ್ತಿಗೆ ಅರ್ಜಿ ಹಾಕಬೇಕೆಂಬುದು ಅಣ್ಣನ ಆಸೆ. ಅದಕ್ಕೆಂದೇ ಹುಡುಗ ದಿನಾ ಬೆಳಗ್ಗೆ ಐದಕ್ಕೆ ಎದ್ದು 1.6 ಕಿ.ಮೀ. ಓಟದ ತಾಲೀಮು ಮಾಡುತ್ತಿದ್ದ. ಕಾಲೇಜಿನ ಎನ್‌ಸಿಸಿಯಲ್ಲೂ ಇದ್ದ. ಹೋದ ತಿಂಗಳು ಅಪ್ಪನಿಗೆ ಫೋನಿನಲ್ಲಿ, ನಾನು ಅರ್ಜಿ ಹಾಕುವುದಿಲ್ಲ ಎಂದ. ಯಾಕೆ ಎಂದದ್ದಕ್ಕೆ, ಮನುಷ್ಯರಿಗೆ ಗುಂಡು ಹೊಡೆಯುವುದು ನನ್ನಿಂದ ಆಗುವುದಿಲ್ಲ ಎಂದ.

"ಅಂಜಿಕಿ ಐತಿ ಅಂದ್ರ ಹಂಗ ಹೇಳಲಿ," ಎಂದ ಅಣ್ಣ. "ನಾ ಏನ ಬೈಯೂದಿಲ್ಲ. ನನಗೂ ಅಂಜಿಕಿ ಇತ್ತು. ನಾಕ ವರ್ಷದ ನೌಕರಿ, ಪೆನ್ಶನ್ ಇಲ್ಲ ಅಂದಿದ್ರೂ ಒಪ್ಪತಿದ್ದೆ. ಮನಶ್ಯಾರನ್ನ ಹೊಡಿಯಾಕ ಆಗೂದಿಲ್ಲ ಅಂತಾನಲ್ಲ, ಹಂಗಾರ ನಾವೇನ ಕಟುಕರೇನು?"

ನನ್ನ ಹತ್ತಿರ ಉತ್ತರವಿರಲಿಲ್ಲ. ರಾತ್ರಿ ಮಾತಾಡುತ್ತೇನೆ ಎಂದು ಫೋನಿಟ್ಟೆ. ಅವನ ಆ ಕಡೆಯ ಪ್ರಶ್ನೆ ಹತ್ತು ದಿನ ನನ್ನ ಬೆನ್ನು ಬಿಡಲಿಲ್ಲ.

ಹುಡುಗನನ್ನು ತಿದ್ದಲು ಹೊರಡುವ ಮೊದಲು ನನ್ನದೊಂದು ಕಥೆ ಹೇಳಬೇಕು. 1999ರ ಬೇಸಿಗೆ, ಕಾರ್ಗಿಲ್ ಯುದ್ಧದ ದಿನಗಳು. ಅಣ್ಣನ ಪತ್ರ ಬಂದು ಒಂದೂವರೆ ತಿಂಗಳಾಗಿತ್ತು. ದೊಡ್ಡವ್ವ ದಿನಾ ಸಂಜೆ ರೇಡಿಯೋ ಮುಂದೆ ಕೂತಿರುತ್ತಿದ್ದಳು. ನಮ್ಮ ಕಡೆ ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳುತ್ತಲೇ ಮಕ್ಕಳು ದೊಡ್ಡವರಾಗುವುದು. ಆ ವರ್ಷವಂತೂ ಊರಿನ ಹುಡುಗರೆಲ್ಲರ ಮೈಯಲ್ಲಿ ರಾಯಣ್ಣ ಹೊಕ್ಕಿದ್ದ. ಪಿಯುಸಿ ಮುಗಿಸಿದ್ದ ನಾವು ಏಳೆಂಟು ಜನ ಬೆಳಗಾವಿಯ ಭರ್ತಿ ರ‍್ಯಾಲಿಗೆ ಹೋದೆವು. ರಾತ್ರಿಯಿಡೀ ಸಾಲಿನಲ್ಲಿ ಕೂತಿದ್ದೆವು. ಬೆಳಗಿನ ಜಾವ ನನ್ನ ಸೋದರಮಾವ ಊರಿನಿಂದ ಸೈಕಲ್ ಮೋಟಾರಿನ ಮೇಲೆ ಬಂದರು. ಸಿಇಟಿ ಫಲಿತಾಂಶ ಬಂದಿತ್ತು. ನನಗೆ ಎಂಜಿನಿಯರಿಂಗ್ ಸೀಟು ಸಿಗುವಂಥ ರ‍್ಯಾಂಕು. ನಾನು ಸಾಲಿನಿಂದ ಎದ್ದು ಅವರ ಹಿಂದೆ ಕೂತು ಹೊರಟುಬಿಟ್ಟೆ. ನನ್ನ ಜಾಗಕ್ಕೆ ಹಿಂದಿನವನು ಸರಿದ.

ಊರಿನಲ್ಲಿ ಅಪ್ಪ ಪೇಢೆ ಹಂಚಿದರು. ಯುದ್ಧ ನಡೆಯುತ್ತಿರುವಾಗ ಭರ್ತಿಯ ಸಾಲು ಬಿಟ್ಟು ಬಂದಿಯಲ್ಲ ಎಂದು ಯಾರೂ ಕೇಳಲಿಲ್ಲ. ದೊಡ್ಡವ್ವ ಕೂಡ ಕೇಳಲಿಲ್ಲ. ಆಮೇಲೆ ಎಂಜಿನಿಯರಿಂಗ್, ಗೇಟ್, ಎಂ.ಟೆಕ್., ಪುಣೆ, ಮುಂಬಯಿ, ಗೃಹಸಾಲ, ಈ ವಿಠ್ಠಲವಾಡಿಯ ಎರಡು ಬೆಡ್‌ರೂಮಿನ ಮನೆ. ಸೇನೆಗೆ ಯಾಕೆ ಸೇರಲಿಲ್ಲ ಎಂಬ ಪ್ರಶ್ನೆಯನ್ನು ಈ 26 ವರ್ಷಗಳಲ್ಲಿ ನನಗೆ ಒಬ್ಬರೂ ಕೇಳಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲೂ ಹೆಚ್ಚಿನವರನ್ನು ಯಾರೂ ಕೇಳಿರಲಿಕ್ಕಿಲ್ಲ. ಸಂಬಳಕ್ಕಾಗಿ ಹೋಗದವನಿಗೆ ಕಾರಣ ಹೇಳುವ ಹಂಗಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುತ್ತೇವೆ.

ಕಟಕಟೆ ಎಂದದ್ದು ಬರೀ ಮಾತಿಗಲ್ಲ. ಬ್ರಿಟನ್ 1916ರಲ್ಲಿ ಕಡ್ಡಾಯ ಸೈನ್ಯಸೇವೆ ತಂದಾಗ, ಆತ್ಮಸಾಕ್ಷಿಯ ಕಾರಣಕ್ಕೆ ಒಲ್ಲೆ ಎನ್ನುವವರಿಗೆ ಕಾನೂನಿನಲ್ಲೇ ಒಂದು ಕಿಂಡಿ ಇಟ್ಟಿತು. ಹಾಗೆಂದವರು ಸುಮಾರು 16,000 ಜನ. ಅವರನ್ನು ಸ್ಥಳೀಯ ನ್ಯಾಯಮಂಡಳಿಗಳು ವಿಚಾರಿಸುತ್ತಿದ್ದವು. ಜರ್ಮನ್ ಸೈನಿಕನೊಬ್ಬ ನಿನ್ನ ತಂಗಿಯ ಮೈಮೇಲೆ ಬಿದ್ದರೆ ಏನು ಮಾಡುತ್ತೀ ಎಂಬುದು ಅಲ್ಲಿ ಪದೇ ಪದೇ ಬರುತ್ತಿದ್ದ ಪ್ರಶ್ನೆ. ನಮ್ಮಲ್ಲಿ ಕಡ್ಡಾಯ ಸೇವೆ ಇಲ್ಲ, ಹಾಗಾಗಿ ಅಂಥ ಮಂಡಳಿಯೂ ಇಲ್ಲ. ಸಂವಿಧಾನದ 23ನೇ ವಿಧಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ. ಕರೆ ಬಂದಾಗ ದೇಶರಕ್ಷಣೆಗೆ ನಿಲ್ಲುವುದು 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಆದರೆ ಆ ಕರೆ ಕಡ್ಡಾಯವಾಗಿ ಇದುವರೆಗೂ ಬಂದಿಲ್ಲ. ನಮ್ಮ ನ್ಯಾಯಮಂಡಳಿ ಏನಿದ್ದರೂ ಊಟದ ಮೇಜು. ಆ ರಾತ್ರಿ ನಮ್ಮ ಮನೆಯಲ್ಲೂ ಅದೇ ಆಯಿತು. ನಾನೇ ನ್ಯಾಯಾಧೀಶ. ನಾಚಿಕೆಯಿಂದ ಹೇಳುತ್ತೇನೆ, ನಾನು ಕೇಳಿದ ಮೊದಲ ಪ್ರಶ್ನೆ ಆ ತಂಗಿಯ ಪ್ರಶ್ನೆಯೇ.

"ಮನೀಗೆ ಕಳ್ಳ ಬಂದ್ರ ಬಡಗಿ ತಗೋತೀನಿ ಕಾಕಾ," ಎಂದ ಹುಡುಗ. "ಅದು ನನ್ನ ಕಣ್ಣಿಗೆ ಕಾಣತದ. ಕಳ್ಳ ಯಾರು, ಯಾಕ ಬಂದಾನ, ಗೊತ್ತಾಗತದ. ಅಲ್ಲಿ ಹಂಗಲ್ಲ. ಯಾರನ್ನ ಹೊಡೀಬೇಕು ಅಂತ ಬ್ಯಾರೆದವರು ಹೇಳತಾರ. ಅವರು ಹೇಳೂದು ಸರಿ ಇರಬಹುದು. ಭಾಳ ಸಲ ಸರೀನ ಇರತದೇನೋ. ಆದ್ರ ನಾ ಕೇಳೂ ಹಂಗಿಲ್ಲ."

ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದ. "ಎನ್‌ಸಿಸಿ ಕ್ಯಾಂಪಿನ್ಯಾಗ ಪಾಯಿಂಟ್ ಟೂ ಟೂ ರೈಫಲ್ ಕೊಟ್ಟಿದ್ರು. ನನಗ ಛಲೋ ಬರತದ ಕಾಕಾ. ಎಲ್ಲಾರಕಿಂತ ಛಲೋ. ಅದಕ್ಕ ನನಗ ಅಂಜಿಕಿ."

ಇದು ಹೇಡಿಯ ಮಾತಲ್ಲ ಎಂದು ಅಲ್ಲಿಯೇ ಅನ್ನಿಸಿತು. ಆದರೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಒಪ್ಪಿದರೆ ನಾನು ಬೆಳಗಾವಿಯ ಸಾಲು ಬಿಟ್ಟದ್ದರ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಮರುದಿನ ಭಾನುವಾರ. ತರಕಾರಿಗೆಂದು ಉಲ್ಲಾಸನಗರದ ಕಡೆ ನಡೆದುಹೋದೆವು. ಅಲ್ಲಿ ಅಂಗಡಿಯ ಬೋರ್ಡುಗಳಲ್ಲಿ ಇಂದಿಗೂ ವಿಳಾಸ 'ಕ್ಯಾಂಪ್ ನಂ. 3', 'ಕ್ಯಾಂಪ್ ನಂ. 4' ಎಂದೇ ಇರುತ್ತದೆ. ಯಾವ ಕ್ಯಾಂಪು ಎಂದು ಹುಡುಗ ಎಂದೂ ಕೇಳಿರಲಿಲ್ಲ. ನಾನೂ ಇಲ್ಲಿಗೆ ಬಂದ ನಾಲ್ಕು ವರ್ಷ ಕೇಳಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಇಳಿಸಿಕೊಂಡು ಮುಂದಕ್ಕೆ ಕಳಿಸಲು ಬ್ರಿಟಿಷರು ಕಟ್ಟಿದ ಕಲ್ಯಾಣ್ ಮಿಲಿಟರಿ ಕ್ಯಾಂಪ್ ಇದು. ದೇಶ ಒಡೆದ ಮೇಲೆ ಖಾಲಿ ಬ್ಯಾರಕ್ಕುಗಳಿಗೆ ಸಿಂಧಿನಿಂದ ಬಂದ ನಿರಾಶ್ರಿತರನ್ನು ತುಂಬಿದರು. ಗೋಣಿಚೀಲದ ಪರದೆ ಕಟ್ಟಿ ಒಂದೊಂದು ಬ್ಯಾರಕ್ಕಿನಲ್ಲಿ ಹತ್ತಾರು ಸಂಸಾರಗಳು. 1949ರ ಆಗಸ್ಟ್ 8ರಂದು ರಾಜಾಜಿ ಬಂದು ಅಡಿಗಲ್ಲು ಹಾಕಿದರು, ಕ್ಯಾಂಪು ಉಲ್ಲಾಸನಗರವಾಯಿತು. ಸೈನಿಕರು ಹೋಗಿ ಎಂಬತ್ತು ವರ್ಷವಾಗುತ್ತ ಬಂದರೂ ರಿಕ್ಷಾದವನ ಬಾಯಲ್ಲಿ ಕ್ಯಾಂಪು ಉಳಿದಿದೆ.

ಆ ಯುದ್ಧದಲ್ಲಿ ಭಾರತೀಯ ಸೇನೆಯ ಬಲ 25 ಲಕ್ಷಕ್ಕೆ ಏರಿತ್ತು. ಜಗತ್ತಿನ ಅತಿ ದೊಡ್ಡ ಸ್ವಯಂಪ್ರೇರಿತ ಸೇನೆ ಎಂದು ಅದನ್ನು ಹೊಗಳುತ್ತಾರೆ. ಅವರಲ್ಲಿ ಎಷ್ಟು ಜನ ಹೊಟ್ಟೆಪಾಡಿಗೆ ಬಂದವರು, ಎಷ್ಟು ಜನ ಊರ ಗೌಡನ ಮಾತು ಮೀರಲಾಗದೆ ಬಂದವರು? 'ಸ್ವಯಂಪ್ರೇರಿತ' ಎಂಬ ಪದದ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಅದು ಆಫೀಸಿನಲ್ಲಿ ಶನಿವಾರದ ಕೆಲಸಕ್ಕೂ ನಾವು ಬಳಸುವ ಪದ.

ಅದೇ ಕಾಲಕ್ಕೆ ಈ ಯುದ್ಧಕ್ಕೆ ಆಳೂ ಕೊಡಬೇಡಿ, ಹಣವೂ ಕೊಡಬೇಡಿ ಎಂದು ಹೇಳಿ ಜೈಲಿಗೆ ಹೋದವರೂ ಇದ್ದರು. 1940ರ ಅಕ್ಟೋಬರ್ 17ರಂದು ವೈಯಕ್ತಿಕ ಸತ್ಯಾಗ್ರಹದ ಮೊದಲ ಸತ್ಯಾಗ್ರಹಿಯಾಗಿ ಗಾಂಧೀಜಿ ಆರಿಸಿದ್ದು ವಿನೋಬಾ ಭಾವೆಯವರನ್ನು. ವಿನೋಬಾ ಹುಟ್ಟಿದ ಗಾಗೋದೆ ಇಲ್ಲಿಂದ ದೂರವಲ್ಲ, ರಾಯಗಡ ಜಿಲ್ಲೆಯ ಪೇಣ್ ತಾಲೂಕು. ಮಾತಾಡು, ಬಂಧಿಸಿದರೆ ಹೋಗು, ಬಿಟ್ಟರೆ ಮತ್ತೆ ಮಾತಾಡು. ಸತ್ಯಾಗ್ರಹ ಎಂದರೆ ಅಷ್ಟೇ. ನಮ್ಮ ಕರ್ನಾಟಕದ ಹಳ್ಳಿಗಳಿಂದಲೂ ಜನ ಹೀಗೆ ಸೆರೆಮನೆ ಕಂಡರು.

ಗಾಂಧೀಜಿಯ ಹೆಸರು ಹೇಳಿದರೆ ಕಥೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಇದೇ ಗಾಂಧೀಜಿ 1918ರ ಬೇಸಿಗೆಯಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಊರೂರು ನಡೆದು ಬ್ರಿಟಿಷ್ ಸೇನೆಗೆ ಸೇರಿ ಎಂದು ರೈತರನ್ನು ಕೇಳಿದ್ದರು. ಕಂದಾಯದ ಸತ್ಯಾಗ್ರಹದಲ್ಲಿ ಪುಕ್ಕಟೆ ಗಾಡಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಕೊಡಲಿಲ್ಲ ಎಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಅಹಿಂಸೆ ಎನ್ನುವ ನೀವು ನಮಗೆ ಆಯುಧ ಹಿಡಿಯಿರಿ ಎನ್ನುವುದು ಹೇಗೆ ಎಂದು ಜನ ಕೇಳಿದರಂತೆ. ಭಯಕ್ಕೆ ಅಹಿಂಸೆಯ ಹೆಸರಿಟ್ಟುಕೊಂಡವನಿಗಿಂತ ಆಯುಧ ಹಿಡಿದವನು ಮೇಲು ಎಂಬುದು ಅವರ ನಂಬಿಕೆ. ಆ ರೈತರಲ್ಲಿ ಯಾರದು ಭಯ, ಯಾರದು ತತ್ವ, ಯಾರದು ಬಿತ್ತನೆಯ ಚಿಂತೆ? ನಾನಾಗಿದ್ದರೆ ಬೇರ್ಪಡಿಸಿ ಹೇಳಲು ಆಗುತ್ತಿರಲಿಲ್ಲ. ಒಂದೇ ಎದೆಯಲ್ಲಿ ಮೂರೂ ಇರಬಹುದು. ಭಯವೂ ಇದೆ ಎಂದ ಮಾತ್ರಕ್ಕೆ ತತ್ವ ಸುಳ್ಳಾಗುವುದಿಲ್ಲ.

ಇನ್ನೊಂದು ಪ್ರಸಂಗ ನನ್ನನ್ನು ಹೆಚ್ಚು ಕಾಡಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಬ್ರಿಟಿಷರು ಮಹಾರ್ ಸಮುದಾಯದವರಿಗೆ ಸೇನೆಯ ಬಾಗಿಲು ಮುಚ್ಚಿದರು. ಅಂಬೇಡ್ಕರ್ ಅವರ ತಂದೆ ರಾಮಜಿ ಸೇನೆಯಲ್ಲಿ ಸುಬೇದಾರರಾಗಿದ್ದವರು. ಆ ಬಾಗಿಲು ಮತ್ತೆ ತೆರೆಯಬೇಕೆಂದು ಎರಡು ತಲೆಮಾರು ಮನವಿ ಬರೆದರು, ಹೋರಾಡಿದರು. ಕೊನೆಗೆ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಮ್ಮ ಬೆಳಗಾವಿಯಲ್ಲೇ ಕಟ್ಟಲ್ಪಟ್ಟಿತು. ಸೇನೆಗೆ ಸೇರಬೇಡಿ ಎಂದದ್ದಕ್ಕೆ ಕೆಲವರು ಜೈಲಿನಲ್ಲಿದ್ದ ಅದೇ ಹೊತ್ತಿಗೆ, ಸೇರುವ ಹಕ್ಕು ಸಿಕ್ಕಿತೆಂದು ಇನ್ನು ಕೆಲವರು ಅಲ್ಲಿ ಸಾಲಿನಲ್ಲಿ ನಿಂತಿದ್ದರು. ಎರಡರಲ್ಲಿ ಯಾವುದನ್ನೂ ನನ್ನಿಂದ ತಪ್ಪೆನ್ನಲು ಆಗುವುದಿಲ್ಲ. ಮನುಷ್ಯನೆಂದು ಲೆಕ್ಕಕ್ಕೆ ಬರಲು ಸಮವಸ್ತ್ರವೇ ದಾರಿಯಾಗಿದ್ದವನಿಗೆ, ಒಲ್ಲೆ ಎನ್ನುವುದು ಕೈಗೆಟುಕದ ಐಷಾರಾಮ. ನಮ್ಮ ಅಣ್ಣನಿಗೂ ಅಷ್ಟೇ. ಎರಡು ಎಕರೆ ಒಣಭೂಮಿಯ ಮನೆಗೆ ಅವನ ಸಂಬಳ ತಗಡಿನ ಬದಲು ಸ್ಲ್ಯಾಬು ತಂದಿತು. ನನ್ನ ಮೊದಲ ಸೆಮಿಸ್ಟರಿನ ಹಾಸ್ಟೆಲ್ ಫೀಸಿಗೂ ಅವನೇ ಮನಿಯಾರ್ಡರ್ ಕಳಿಸಿದ್ದ. ನನ್ನ ಮನೆಯಲ್ಲಿ ಬೆಳೆದ ಹುಡುಗ ಇಂದು ಆತ್ಮಸಾಕ್ಷಿಯ ಮಾತಾಡುವುದಕ್ಕೆ ಆ ಸಂಬಳದ ಆಸರೆಯಿದೆ. ಇದನ್ನು ಹುಡುಗನಿಗೆ ಹೇಳಿದೆ. ಅವನು ತಲೆ ತಗ್ಗಿಸಿ, "ಗೊತ್ತದ ಕಾಕಾ," ಎಂದ.

ಎಲ್ಲರೂ ನಿನ್ನ ಹಾಗೆಯೇ ಅಂದರೆ ಗಡಿ ಯಾರು ಕಾಯಬೇಕು? ಇದನ್ನೂ ಕೇಳಿದೆ. ಎಲ್ಲರೂ ಅನ್ನುವುದಿಲ್ಲವಲ್ಲ ಎಂದ. ಅದು ಒಳ್ಳೆಯ ಉತ್ತರವಲ್ಲ. ಬೇರೆಯವನು ನಿಂತಿರುತ್ತಾನೆ ಎಂಬ ಭರವಸೆಯ ಮೇಲೆ ನಿಂತ ತತ್ವ ಅದು, ನಾನು ಸಾಲು ಬಿಟ್ಟಾಗ ಹಿಂದಿನವನು ಸರಿದು ಬಂದ ಹಾಗೆ. ಕಾರ್ಗಿಲ್‌ನಲ್ಲಿ ಬೆಟ್ಟದ ಮೇಲೆ ಕೂತವರನ್ನು ಇಳಿಸಬೇಕಿತ್ತು ಎಂದು ನಾನು ನಂಬುತ್ತೇನೆ. ಮಾತಿನಿಂದ ಅವರು ಇಳಿಯುತ್ತಿರಲಿಲ್ಲ. ಹುಡುಗನೂ ಇದನ್ನು ಅಲ್ಲಗಳೆಯಲಿಲ್ಲ. ಆಸ್ಟ್ರಿಯಾದ ಫ್ರಾನ್ಜ್ ಯೇಗರ್‌ಷ್ಟೆಟರ್ ಎಂಬ ರೈತನ ಬಗ್ಗೆ ನೀವು ಓದಿರಬಹುದು. ಹಿಟ್ಲರನ ಸೇನೆಯಲ್ಲಿ ಹೋರಾಡಲು ಒಲ್ಲೆ ಎಂದ. ಹೆಂಡತಿ ಮಕ್ಕಳ ಮುಖ ನೋಡು ಎಂದು ಊರವರು ಹೇಳಿದರು, ಚರ್ಚಿನ ಹಿರಿಯರೂ ಹೇಳಿದರು. ಕೇಳಲಿಲ್ಲ. 1943ರ ಆಗಸ್ಟ್ 9ರಂದು ತಲೆ ಕಡಿದರು. 2007ರಲ್ಲಿ ಅದೇ ಚರ್ಚು ಅವನನ್ನು ಪುಣ್ಯಾತ್ಮನೆಂದು ಸಾರಿತು. ಅವನ ಎದುರಿಗೆ ಹಿಟ್ಲರನಿದ್ದ, ಆದ್ದರಿಂದ ಇಂದು ನಮಗೆ ತೀರ್ಪು ಸುಲಭ. ನಮ್ಮ ಹುಡುಗನ ಎದುರಿಗೆ ಅಂಥ ದುಷ್ಟ ಸರ್ಕಾರವಿಲ್ಲ, ತಪ್ಪು ಯುದ್ಧವೂ ಇಲ್ಲ. ಇರುವುದು ಯುದ್ಧಕ್ಕೆ ಮೊದಲೇ ತನ್ನ ತೀರ್ಮಾನವನ್ನು ಬೇರೆಯವರ ಕೈಗೆ ಬರೆದುಕೊಡಲಾರೆ ಎಂಬ ಹಟ.

ಹಾಗೆ ಬರೆದುಕೊಟ್ಟೇ ಬದುಕುತ್ತಿರುವವನು ನಾನು. ಮೂರು ವರ್ಷದ ಹಿಂದೆ ನನ್ನ ಟೀಮಿಗೆ ವಿದೇಶಿ ಗಿರಾಕಿಯೊಬ್ಬರ ಕೆಲಸ ಬಂತು. ಡ್ರೋನ್ ತೆಗೆದ ಚಿತ್ರಗಳಲ್ಲಿ ವಾಹನ ಯಾವುದು, ಮನುಷ್ಯ ಯಾರು ಎಂದು ವಿಂಗಡಿಸುವ ಸಾಫ್ಟ್‌ವೇರ್. ಟೀಮಿನ ಹುಡುಗಿಯೊಬ್ಬಳು, ಸರ್, ಇದನ್ನು ಎಲ್ಲಿ ಬಳಸುತ್ತಾರೆ ಎಂದಳು. ಸ್ಕೋಪ್ ಡಾಕ್ಯುಮೆಂಟಿನಲ್ಲಿ ಅದು ಇಲ್ಲ ಎಂದೆ. ವಾರ ಬಿಟ್ಟು ಬಂದು, ನನ್ನನ್ನು ಈ ಪ್ರಾಜೆಕ್ಟಿನಿಂದ ಬಿಡಿಸಿ ಎಂದಳು. ಬ್ಯಾಂಕಿನ ಪ್ರಾಜೆಕ್ಟಿಗೆ ಕಳಿಸಿದೆ. ಫಾರ್ಮಿನಲ್ಲಿ ಕಾರಣದ ಕಾಲಮಿಗೆ 'ಸ್ಕಿಲ್ ಮಿಸ್‌ಮ್ಯಾಚ್' ಎಂದು ಬರೆದೆ. ಅವಳಿಗೆ ಉಪಕಾರ ಮಾಡಿದೆ ಎಂದೇ ಆಗ ತಿಳಿದಿದ್ದೆ. ಅವಳು ಹೇಳಿದ ಕಾರಣವನ್ನು ಅಳಿಸಿ, ಕೆಲಸ ಬಾರದವಳು ಎಂದು ಬರೆದಿದ್ದೆ ಎಂಬುದು ಈಗ ಹೊಳೆಯುತ್ತಿದೆ. ಪ್ರಾಜೆಕ್ಟು ಹೇಳಿದ ದಿನಕ್ಕೆ ಮುಗಿಯಿತು. ಆ ಚಿತ್ರಗಳು ಎಲ್ಲಿಯವು ಎಂದು ನಾನು ಇವತ್ತಿಗೂ ಕೇಳಿಲ್ಲ.

ನಮ್ಮ ಲೈನಿನಲ್ಲಿ ವಿಠ್ಠಲವಾಡಿಯಿಂದ ಎರಡು ಸ್ಟೇಷನ್ ಮುಂದೆ ಅಂಬರನಾಥ. ಅಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಇರುವೆಗೂ ಸಕ್ಕರೆ ಹಾಕುವ ಮನುಷ್ಯ. ಯುದ್ಧದ ಗೆರೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಕುರುಕ್ಷೇತ್ರದಲ್ಲಿ ಉಡುಪಿಯ ರಾಜ ಯಾರ ಪಕ್ಷವನ್ನೂ ಸೇರದೆ ಎರಡೂ ಸೈನ್ಯಕ್ಕೆ ಅಡುಗೆ ಮಾಡಿ ಬಡಿಸಿದ ಎಂಬ ಕಥೆಯನ್ನು ಮುಂಬಯಿಯ ಉಡುಪಿ ಹೋಟೆಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಇಷ್ಟದ ಕಥೆ. ಆದರೆ ಅವನು ಬಡಿಸಿದ ಅನ್ನವನ್ನು ಉಂಡವರೇ ಮರುದಿನ ಬೆಳಗ್ಗೆ ಒಬ್ಬರನ್ನೊಬ್ಬರು ಕೊಂದದ್ದು. ತೆರಿಗೆ ಕಟ್ಟುವ ನಾವೆಲ್ಲ ಅಷ್ಟು ಮಟ್ಟಿಗೆ ಉಡುಪಿಯ ರಾಜರೇ. ಪೂರ್ತಿ ಹೊರಗೆ ನಿಂತವರು ಯಾರೂ ಇಲ್ಲ. ಹುಡುಗನಿಗೂ ಇದು ಗೊತ್ತು. ಕೈ ಪೂರ್ತಿ ತೊಳೆದುಕೊಳ್ಳುತ್ತೇನೆ ಎಂದು ಅವನು ಹೇಳುತ್ತಿಲ್ಲ, ಟ್ರಿಗರ್ ಮೇಲಿನ ಬೆರಳು ನನ್ನದಾಗದಿರಲಿ ಎನ್ನುತ್ತಿದ್ದಾನೆ.

ಹಾಗಾದರೆ ಅಣ್ಣನ ಬೆರಳು? ಮತ್ತೆ ಅಲ್ಲಿಗೇ ಬರಬೇಕು. ನಾವೇನ ಕಟುಕರೇನು ಎಂಬ ಪ್ರಶ್ನೆಗೆ.

ಇದಕ್ಕೆ ನನಗೆ ಸ್ವಲ್ಪ ದಾರಿ ಕಂಡದ್ದು ಶ್ರವಣಬೆಳಗೊಳದಲ್ಲಿ. ಮಕ್ಕಳಾಗಿದ್ದಾಗ ಶಾಲೆಯ ಟ್ರಿಪ್ಪಿನಲ್ಲಿ ನೋಡಿದ್ದನ್ನು ಈಗ ಬೇರೆ ರೀತಿ ನೆನೆಯುತ್ತಿದ್ದೇನೆ. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರು ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕೆಂದು ಮಂತ್ರಿಗಳು ಅವರಿಬ್ಬರನ್ನೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಕ್ಕೆ ಒಪ್ಪಿಸಿದರು. ಗೆದ್ದ ಬಾಹುಬಲಿ ಗೆದ್ದ ಕ್ಷಣದಲ್ಲೇ ಎಲ್ಲ ಬಿಟ್ಟು ನಡೆದ. ಗೆದ್ದು ಬಿಟ್ಟವನಾದ್ದರಿಂದ ಯಾರೂ ಅವನನ್ನು ಹೇಡಿ ಎನ್ನಲಿಲ್ಲ. ಗೆಲ್ಲುವ ಮೊದಲೇ ಬಿಟ್ಟಿದ್ದರೆ ಏನೆನ್ನುತ್ತಿದ್ದರೋ. ಅದಿರಲಿ. ನಾನು ಹೇಳಬೇಕೆಂದದ್ದು ಅವನ ಮಾತಲ್ಲ, ಆ 58 ಅಡಿಯ ಮೂರ್ತಿಯನ್ನು ಹತ್ತನೇ ಶತಮಾನದ ಕೊನೆಯಲ್ಲಿ ಮಾಡಿಸಿದವನದು. ಚಾವುಂಡರಾಯ ಗಂಗರ ದಂಡನಾಯಕ. ಸಮರಪರಶುರಾಮ, ವೀರಮಾರ್ತಾಂಡ ಎಂಬಂಥ ಬಿರುದು ಹೊತ್ತವನು. ಎಷ್ಟೋ ಯುದ್ಧಗಳಲ್ಲಿ ಕತ್ತಿ ಬೀಸಿದ ಕೈ ಅದು. ಅವನು ಬೆಟ್ಟದ ತುದಿಯಲ್ಲಿ ನಿಲ್ಲಿಸಿದ್ದು ಕತ್ತಿ ಹಿಡಿದವನನ್ನಲ್ಲ. ಬಾಹುಬಲಿ ಬಿಟ್ಟದ್ದು ತನ್ನ ಮೇಲಿನ ಆರೋಪ ಎಂದು ಅವನಿಗೆ ಅನ್ನಿಸಿರಲಾರದು. ಅನ್ನಿಸಿದ್ದರೆ ಅಷ್ಟು ಎತ್ತರಕ್ಕೆ ಕೆತ್ತಿಸುತ್ತಿದ್ದನೇ?

ಹತ್ತನೇ ದಿನ ಅಣ್ಣನಿಗೆ ಫೋನು ಮಾಡಿದೆ. ಚಾವುಂಡರಾಯನ ಕಥೆ ಹೇಳುವ ಧೈರ್ಯ ಆಗಲಿಲ್ಲ, ಫೋನಿನಲ್ಲಿ ಅದು ಭಾಷಣವಾಗುತ್ತಿತ್ತು. ನಾನು ಅವನಿಗೆ ಬುದ್ಧಿ ಹೇಳುವುದಿಲ್ಲ ಅಣ್ಣಾ, ಹೇಳಲು ನನಗೆ ಮುಖವಿಲ್ಲ ಎಂದೆ. ಬೆಳಗಾವಿಯ ಸಾಲಿನಿಂದ ನಾನು ಎದ್ದು ಬಂದದ್ದನ್ನು ನೆನಪಿಸಿದೆ. ನಾನು ಕಾರಣ ಹೇಳದೆ ಬಿಟ್ಟೆ, ಅವನು ಹೇಳಿ ಬಿಡುತ್ತಿದ್ದಾನೆ, ನಿನ್ನನ್ನು ಅವನು ಕಟುಕ ಎಂದುಕೊಂಡಿಲ್ಲ ಎಂದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಎಮ್ಮೆ ಕೂಗುತ್ತಿತ್ತು.

"ಅಂವಾ ಕೇಳೂ ಪ್ರಶ್ನೆ ನನಗೂ ಬಂದಿತ್ತಪಾ," ಎಂದ ಆಮೇಲೆ. "ಕಸಂ ಪರೇಡ್ ಆದ ಮ್ಯಾಲ ಬಂತು. ಆಗ ಬಂದ್ರ ಏನ ಮಾಡೂದು?"

ಆಗ ಏನೂ ಮಾಡುವಂತಿಲ್ಲ. ಪ್ರಮಾಣ ಮಾಡುವ ಮೊದಲು ಒಲ್ಲೆ ಎಂದರೆ ಮನೆಯವರ ಸಿಟ್ಟು, ಅಷ್ಟೇ. ಆಮೇಲೆ ಬಿಟ್ಟು ಹೋದರೆ 1950ರ ಸೇನಾ ಕಾಯ್ದೆಯ ಪ್ರಕಾರ ಅಪರಾಧ, ಯುದ್ಧಸೇವೆಯಲ್ಲಿದ್ದಾಗ ಮರಣದಂಡನೆಯವರೆಗೂ ಶಿಕ್ಷೆ. ಸಂಶಯ ಇದ್ದವನು ಮೊದಲೇ ಹೇಳುವುದು ಪಕ್ಕದಲ್ಲಿ ನಿಲ್ಲುವ ಸಿಪಾಯಿಗೂ ಒಳ್ಳೆಯದು ಎಂದು ಅಣ್ಣನೇ ಹೇಳಿದ. ಅರೆಮನಸ್ಸಿನವನ ಪಕ್ಕ ರಾತ್ರಿ ಪೋಸ್ಟಿನಲ್ಲಿ ನಿಂತು ಅವನಿಗೆ ಗೊತ್ತಿತ್ತು.

ಹುಡುಗ ಈಗ ಅಗ್ನಿಶಾಮಕ ದಳದ ಭರ್ತಿಯ ವಿಚಾರ ಹುಡುಕುತ್ತಿದ್ದಾನೆ. ಮೊದಲು ಎನ್‌ಡಿಆರ್‌ಎಫ್ ಎಂದಿದ್ದ. 2019ರ ಜುಲೈಯಲ್ಲಿ ಬದಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ಸಿಕ್ಕಿಬಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಿಂದ ಸಾವಿರಕ್ಕೂ ಹೆಚ್ಚು ಜನರನ್ನು ಹೊರತೆಗೆದ ವಿಡಿಯೋ ಅವನ ಫೋನಿನಲ್ಲಿದೆ. ಅಲ್ಲಿಗೆ ಸಿಬ್ಬಂದಿ ಬರುವುದು ಅರೆಸೇನಾ ಪಡೆಗಳಿಂದ ನಿಯೋಜನೆಯ ಮೇಲೆ ಎಂದು ಗೊತ್ತಾಯಿತು. ದೋಣಿಯ ದಾರಿಯೂ ರೈಫಲ್ಲಿನ ಮೂಲಕವೇ. ಅಗ್ನಿಶಾಮಕ ದಳ ಎಂದದ್ದನ್ನು ಅಣ್ಣನಿಗೆ ತಿಳಿಸಿದೆ. "ಅಗ್ನಿವೀರ ಬ್ಯಾಡ, ಅಗ್ನಿಶಾಮಕ ಬೇಕು. ಹೆಂಗೂ ಬೆಂಕಿ ಬಿಡೂದಿಲ್ಲ ಅಂವಾ," ಎಂದ. ನಕ್ಕನೋ ಸಿಟ್ಟಾದನೋ ತಿಳಿಯಲಿಲ್ಲ.

ಮಗನ ಜೊತೆ ಅವನು ಇನ್ನೂ ನೇರವಾಗಿ ಮಾತಾಡಿಲ್ಲ. ಮೊನ್ನೆ ರಾತ್ರಿ ನನಗೇ ಫೋನು ಮಾಡಿ, ಓಡುವುದನ್ನು ಬಿಟ್ಟಿಲ್ಲ ತಾನೇ ಎಂದು ಕೇಳಿದ. ಇಲ್ಲ, ದಿನಾ ಐದಕ್ಕೆ ಹೋಗುತ್ತಾನೆ ಎಂದೆ. ಬೆಳಗಾವಿಯ ಮಿಲಿಟರಿ ಕ್ಯಾಂಟೀನಿನಲ್ಲಿ ಒಳ್ಳೆಯ ಬೂಟು ಬಂದಿವೆಯಂತೆ. ಅಳತೆ ಒಂಬತ್ತೋ ಹತ್ತೋ ಎಂದು ಕೇಳಿ ಹೇಳಬೇಕಂತೆ.